ಅಂತರಜಾಲದಲ್ಲಿ ಹೊಸ ಉದ್ದಿಮೆಯ ಪರಿಚಯ: ಕೊಂಡಿ ಬೆಸೆಯುವ ಬಗೆ

ಗಂಗಾವತಿ, ಕಾರಟಗಿ ಭಾಗದ ಅಕ್ಕಿಗೆ ಹೊಸದಾಗಿ ಪರಿಚಯ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಇಲ್ಲಿನ ಸೋನಾ ಮಸೂರಿಯ ಹೆಸರನ್ನು ಬೆಂಗಳೂರಿನ ಗೃಹಿಣಿಯೂ ಬಲ್ಲಳು. ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಬಣ್ಣದ ಗೊಂಬೆಗಳು ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದಿವೆ. ಭಾಗ್ಯನಗರ ಕೂದಲು ಸಂಸ್ಕರಣೆಗೆ ಹೆಸರಾಗಿದೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳ ಮಗ್ಗಗಳಲ್ಲಿ ಇಳಕಲ್ ಸೀರೆ ನೇಯಲಾಗುತ್ತದೆ. ಯಲಬುರ್ಗಾದ ಎರೆಹೊಲಗಳು ಕಡಲೆಗೆ ಹೇಳಿಮಾಡಿಸಿದಂತಿವೆ. ಆದರೆ ಸರಕಿಗೆ ಇರುವ ಹೆಸರು ಅದನ್ನು ತಯಾರಿಸುವವರಿಗೆ ತಾನಾಗಿ ದೊರೆಯುವುದಿಲ್ಲ. ಗಂಗಾವತಿಯ ಅಕ್ಕಿಯನ್ನು ಬಲ್ಲವರು ಗಂಗಾವತಿಯ ಗಿರಣಿಯನ್ನು ಬಲ್ಲವರಲ್ಲ.

ಹಳೆಯ ಪೇಢಿಗಳಿಗೆ ತಲೆಮಾರುಗಳ ಗಿರಾಕಿಗಳಿರುತ್ತಾರೆ. ಹೊಸದಾಗಿ ಉದ್ದಿಮೆ ಆರಂಭಿಸಿದವರಿಗೆ ಆ ಭಾಗ್ಯವಿಲ್ಲ. ಹಿಂದೆ ಇಂಥವರನ್ನು ದಲಾಲರೋ ಬಂಧುಗಳೋ ಪೇಟೆಗೆ ಪರಿಚಯಿಸುತ್ತಿದ್ದರು. ಇಂದು ದೂರದ ಊರಿನ ಖರೀದಿದಾರರು ದೂರವಾಣಿ ಕೈಗೆತ್ತಿಕೊಳ್ಳುವ ಮುನ್ನವೇ ಗೂಗಲ್‌ನಲ್ಲಿ ಹುಡುಕುತ್ತಾರೆ. ಆ ಹುಡುಕಾಟದಲ್ಲಿ ತಯಾರಕರ ಹೆಸರು ಕಾಣದಿದ್ದರೆ, ಅವರ ಸರಕನ್ನೇ ಕೊಂಡು ಮಾರುವ ಬೇರೆ ಊರಿನ ವ್ಯಾಪಾರಿಯ ಹೆಸರು ಕಾಣುತ್ತದೆ. ಲಾಭದ ಹೆಚ್ಚಿನ ಪಾಲು ಅಲ್ಲಿಯೇ ಉಳಿಯುತ್ತದೆ.

ಈ ಕೊರತೆಯನ್ನು ಕಡಿಮೆ ಖರ್ಚಿನಲ್ಲಿ ನೀಗುವ ಉಪಾಯವೆಂದು ಹಲವರು ಸೂಚಿಸುವ ಮಾರ್ಗವೊಂದಿದೆ. ಅನ್ಯರ ಬ್ಲಾಗು, ಜಾಲತಾಣಗಳಲ್ಲಿನ ಬರಹಗಳಿಗೆ ಪ್ರತಿಕ್ರಿಯೆ ಬರೆದು, ಅಲ್ಲಿ ತಮ್ಮ ಜಾಲತಾಣದ ಕೊಂಡಿಯನ್ನು ಸೇರಿಸುವುದೇ ಆ ಮಾರ್ಗ. ಇದರಲ್ಲಿ ಪ್ರಯೋಜನವಿರುವುದು ನಿಜ. ಆದರೆ ಅನೇಕರು ನಿರೀಕ್ಷಿಸುವ ಪ್ರಯೋಜನವೇ ಬೇರೆ, ವಾಸ್ತವವಾಗಿ ದೊರೆಯುವ ಪ್ರಯೋಜನವೇ ಬೇರೆ. ಈ ವ್ಯತ್ಯಾಸವನ್ನು ಅರಿಯದೆ ಹಣ ತೆತ್ತರೆ ನಷ್ಟ ಖಚಿತ.

ಕೊಂಡಿ ಎಂದರೇನು?

ಕೊಂಡಿ ಎಂಬ ಶಬ್ದ ಈ ಭಾಗದ ನೇಕಾರರಿಗೆ ಹೊಸದಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡರ ಎಳೆಗಳನ್ನು ಕುಣಿಕೆಗಳ ಮೂಲಕ ಒಂದಕ್ಕೊಂದು ಬೆಸೆಯುವ ವಿಧಾನಕ್ಕೆ ಕೊಂಡಿ ಎಂದೇ ಹೆಸರು. ಅಂತರಜಾಲದಲ್ಲಿಯೂ ಒಂದು ಪುಟವನ್ನು ಮತ್ತೊಂದು ಪುಟಕ್ಕೆ ಬೆಸೆಯುವುದು ಕೊಂಡಿಯೇ. ಓದುಗರು ಅದನ್ನು ಒತ್ತಿದರೆ ಎರಡನೆಯ ಪುಟ ತೆರೆದುಕೊಳ್ಳುತ್ತದೆ.

ಈ ಕೊಂಡಿಗಳಿಗೆ ವಾಣಿಜ್ಯ ಮೌಲ್ಯ ಬಂದದ್ದು 1998ರ ನಂತರ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಲ್ಯಾರಿ ಪೇಜ್ ಹಾಗೂ ಸರ್ಗೆ ಬ್ರಿನ್ ಅವರು ಅದೇ ವರ್ಷ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ನೀಡಿವೆ ಮತ್ತು ಹಾಗೆ ನೀಡಿದ ಪುಟಗಳ ಯೋಗ್ಯತೆ ಏನು ಎಂಬುದನ್ನು ಅಳೆದು ಪುಟದ ಮಹತ್ವವನ್ನು ನಿರ್ಣಯಿಸುವುದು ಅವರ ವಿಧಾನವಾಗಿತ್ತು. ಇದಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರಿಟ್ಟರು.

ಇದು ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾಗುವ ತತ್ವ. ಹೊಸ ಗಿರಾಕಿಗೆ ಉದ್ರಿ ಕೊಡುವ ಮುನ್ನ ಅವನನ್ನು ಬಲ್ಲವರು ಯಾರು ಎಂದು ಪೇಟೆಯಲ್ಲಿ ವಿಚಾರಿಸುವ ವಾಡಿಕೆಯಿದೆ. ಹತ್ತು ಮಂದಿ ಅಪರಿಚಿತರು ಹೊಗಳುವುದಕ್ಕಿಂತ ಪ್ರತಿಷ್ಠಿತ ಪೇಢಿಯ ಯಜಮಾನರೊಬ್ಬರು ಆಡುವ ಒಂದು ಮಾತಿಗೆ ತೂಕ ಹೆಚ್ಚು. ಗಿರಾಕಿಯು ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತಿಗಂತೂ ತೂಕವೇ ಇಲ್ಲ. ಶೋಧಕ ಯಂತ್ರಗಳು ಕೊಂಡಿಯನ್ನು ಇಂಥದೇ ಶಿಫಾರಸಿನಂತೆ ಪರಿಗಣಿಸಿದವು.

ದುರುಪಯೋಗ ಮತ್ತು ಅದರ ಪರಿಣಾಮ

ಶಿಫಾರಸಿಗೆ ಬೆಲೆ ಬಂದೊಡನೆ ಸುಳ್ಳು ಶಿಫಾರಸುಗಳೂ ಹುಟ್ಟಿಕೊಂಡವು. ಬ್ಲಾಗುಗಳಲ್ಲಿ ಯಾರು ಬೇಕಾದರೂ ಪ್ರತಿಕ್ರಿಯೆ ಬರೆಯುವ ಅವಕಾಶವಿತ್ತು. ಬರಹ ಯಾವ ವಿಷಯದ್ದೇ ಇರಲಿ, ‘ಬಹಳ ಉತ್ತಮ ಲೇಖನ’ ಎಂದು ಒಂದು ಸಾಲು ಬರೆದು, ಅದರ ಕೆಳಗೆ ಔಷಧ, ಜೂಜು, ಸಾಲದ ಜಾಲತಾಣಗಳ ಕೊಂಡಿ ಅಂಟಿಸುವ ಹಾವಳಿ ಮಿತಿಮೀರಿತು. ಇದಕ್ಕಾಗಿಯೇ ತಂತ್ರಾಂಶಗಳು ಸಿದ್ಧವಾದವು.

2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಒಟ್ಟಾಗಿ ಇದಕ್ಕೆ ತಡೆಯೊಡ್ಡಿದವು. ‘ನೋಫಾಲೋ’ ಎಂಬ ಗುರುತನ್ನು ಕೊಂಡಿಗೆ ಸೇರಿಸುವ ಪದ್ಧತಿ ಜಾರಿಗೆ ಬಂತು. ಈ ಗುರುತುಳ್ಳ ಕೊಂಡಿಯನ್ನು ಓದುಗರು ಎಂದಿನಂತೆ ಒತ್ತಬಹುದು, ಆದರೆ ಶೋಧಕ ಯಂತ್ರ ಅದನ್ನು ಶಿಫಾರಸೆಂದು ಪರಿಗಣಿಸುವುದಿಲ್ಲ. ಬ್ಲಾಗು ಸೇವೆಗಳು ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳಿಗೆ ಈ ಗುರುತನ್ನು ತಾವಾಗಿಯೇ ಹಚ್ಚತೊಡಗಿದವು. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯವೂ ತನ್ನ ಹೊರಕೊಂಡಿಗಳಿಗೆ ಇದನ್ನು ಅನ್ವಯಿಸಿತು. 2019ರಲ್ಲಿ ಗೂಗಲ್, ಓದುಗರು ಬರೆದ ಬರಹದೊಳಗಿನ ಕೊಂಡಿಗಳಿಗೆ ಹಾಗೂ ಹಣ ಪಡೆದು ಹಾಕಿದ ಕೊಂಡಿಗಳಿಗೆ ಪ್ರತ್ಯೇಕ ಗುರುತುಗಳನ್ನು ಗೊತ್ತುಪಡಿಸಿತು. ಈ ಗುರುತುಗಳನ್ನು ಕಟ್ಟುನಿಟ್ಟಿನ ಆಜ್ಞೆಯೆಂದಲ್ಲದೆ ಸೂಚನೆಯೆಂದು ಗಣಿಸುವುದಾಗಿಯೂ ಅದು ತಿಳಿಸಿತು.

ದೊಡ್ಡ ಸಂಸ್ಥೆಗಳೂ ಇಂಥ ಕೊಂಡಿಗಳಿಂದ ಪೆಟ್ಟು ತಿಂದಿವೆ. 2011ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಜೆ.ಸಿ. ಪೆನ್ನಿ ಎಂಬ ಪ್ರಸಿದ್ಧ ಮಳಿಗೆ ಸಂಸ್ಥೆಯ ಕುರಿತು ವರದಿ ಪ್ರಕಟಿಸಿತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅದರ ಜಾಲತಾಣಕ್ಕೆ ಕೊಂಡಿಗಳಿದ್ದುದು ಬೆಳಕಿಗೆ ಬಂತು. ಗೂಗಲ್ ಕ್ರಮ ಕೈಗೊಂಡ ಮೇಲೆ, ಶೋಧ ಫಲಿತಾಂಶಗಳ ಅಗ್ರಸ್ಥಾನದಲ್ಲಿದ್ದ ಸಂಸ್ಥೆಯ ಪುಟಗಳು ಬಹಳ ಕೆಳಗಿಳಿದವು. ಇದು ತನ್ನ ಅನುಮತಿಯಿಲ್ಲದೆ ನಡೆದದ್ದು ಎಂದು ಸಂಸ್ಥೆ ಹೇಳಿತು ಮತ್ತು ಆ ಕೆಲಸ ವಹಿಸಿಕೊಂಡಿದ್ದ ಸಲಹಾ ಸಂಸ್ಥೆಯನ್ನು ಕೈಬಿಟ್ಟಿತು. 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಹೆಸರಿನ ಬದಲಾವಣೆಯ ಮೂಲಕ ಕೃತಕ ಕೊಂಡಿಗಳ ಮೇಲೆ ಇನ್ನಷ್ಟು ಬಿಗಿ ಕ್ರಮ ಕೈಗೊಂಡಿತು. 2016ರ ನಂತರ ಪೆಂಗ್ವಿನ್ ವ್ಯವಸ್ಥೆಯು ಅಂಥ ಕೊಂಡಿಗಳನ್ನು ಮುಖ್ಯವಾಗಿ ಲೆಕ್ಕದಿಂದಲೇ ಕೈಬಿಡುತ್ತದೆ.

ಇದರಿಂದ ಒಂದು ಸಂಗತಿ ಸ್ಪಷ್ಟ. ‘ಇಷ್ಟು ರೂಪಾಯಿಗೆ ಸಾವಿರ ಕೊಂಡಿ’ ಎಂದು ಬರುವ ಮಿಂಚಂಚೆಗಳನ್ನೂ ದೂರವಾಣಿ ಕರೆಗಳನ್ನೂ ನಂಬಿ ಹಣ ಕೊಡುವುದು ಬೂದಿಯಲ್ಲಿ ತುಪ್ಪ ಸುರಿದಂತೆ. ಹೊಸ ಉದ್ದಿಮೆಗೆ ಆ ಹಣ ಒಂದು ತಿಂಗಳ ವಿದ್ಯುತ್ ಬಿಲ್ಲಾಗಿರಬಹುದು, ಒಬ್ಬ ಕಾರ್ಮಿಕನ ಸಂಬಳವಾಗಿರಬಹುದು.

ಹಾಗಾದರೆ ಪ್ರಯೋಜನವೇನು?

ಪ್ರತಿಕ್ರಿಯೆಯಲ್ಲಿ ತಾವೇ ಅಂಟಿಸಿದ ಕೊಂಡಿಗೆ ಶೋಧಕ ಯಂತ್ರದ ಬಳಿ ಹೆಚ್ಚಿನ ಬೆಲೆ ಇಲ್ಲವಾದರೂ, ಪ್ರತಿಕ್ರಿಯೆಯನ್ನು ಮನುಷ್ಯರು ಓದುತ್ತಾರೆ. ಅದರಿಂದ ಮೂರು ಬಗೆಯ ಲಾಭಗಳುಂಟು.

ಮೊದಲನೆಯದು, ನೇರ ಪರಿಚಯ. ಅಕ್ಕಿಯ ಬಗೆಗಿನ ಬರಹವನ್ನು ಓದುತ್ತಿರುವವರು ಅಕ್ಕಿಯಲ್ಲಿ ಆಸಕ್ತಿಯುಳ್ಳವರೇ ಆಗಿರುತ್ತಾರೆ. ಅಲ್ಲಿ ಗಂಗಾವತಿಯ ಗಿರಣಿಯವರೊಬ್ಬರು ತಿಳಿವಳಿಕೆಯ ನಾಲ್ಕು ಮಾತು ಬರೆದರೆ ಅದು ತಲುಪಬೇಕಾದವರನ್ನೇ ತಲುಪುತ್ತದೆ.

ಎರಡನೆಯದು, ಬರಹಗಾರರ ಪರಿಚಯ. ಬಹುಪಾಲು ಬರಹಗಾರರು ತಮ್ಮ ಬರಹಕ್ಕೆ ಬಂದ ಪ್ರತಿಕ್ರಿಯೆಗಳನ್ನು ಗಮನಿಸುತ್ತಾರೆ. ತಮಗೆ ತಿಳಿಯದ ಸಂಗತಿಯನ್ನು ತಿಳಿಸಿದವರ ಹೆಸರು ಅವರ ನೆನಪಿನಲ್ಲಿ ಉಳಿಯುತ್ತದೆ. ಮುಂದಿನ ಬಾರಿ ಅದೇ ವಿಷಯ ಬರೆಯುವಾಗ ಅವರು ತಾವಾಗಿ ಆ ಉದ್ದಿಮೆಯನ್ನು ಉಲ್ಲೇಖಿಸಿ ಕೊಂಡಿ ನೀಡಬಹುದು. ಶೋಧಕ ಯಂತ್ರದ ಬಳಿ ನಿಜವಾದ ಬೆಲೆಯಿರುವುದು ಹೀಗೆ ಇತರರು ಸ್ವ-ಇಚ್ಛೆಯಿಂದ ಕೊಟ್ಟ ಕೊಂಡಿಗೆ. ಪ್ರತಿಕ್ರಿಯೆಯೇ ಕೊಂಡಿಯಲ್ಲ, ಕೊಂಡಿ ದೊರಕಿಸುವ ಪರಿಚಯಕ್ಕೆ ಅದು ಬಾಗಿಲು.

ಮೂರನೆಯದು, ಗ್ರಾಹಕರ ಮನಸ್ಸಿನ ಪರಿಚಯ. ಗ್ರಾಹಕರು ಏನನ್ನು ಕೇಳುತ್ತಾರೆ, ಎಲ್ಲಿ ಗೊಂದಲಕ್ಕೊಳಗಾಗುತ್ತಾರೆ, ಯಾವುದರ ಬಗ್ಗೆ ಅಸಮಾಧಾನ ಹೊಂದಿದ್ದಾರೆ ಎಂಬುದು ಇಂಥ ಚರ್ಚೆಗಳನ್ನು ಓದುವುದರಿಂದಲೇ ತಿಳಿಯುತ್ತದೆ. ಈ ಮಾಹಿತಿ ಖರ್ಚಿಲ್ಲದೆ ದೊರೆಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಇಂಥ ಚರ್ಚೆಗಳು ಬ್ಲಾಗುಗಳಿಂದ ಬಹುಮಟ್ಟಿಗೆ ಯೂಟ್ಯೂಬ್ ಚಿತ್ರಿಕೆಗಳ ಕೆಳಗೆ, ಫೇಸ್‌ಬುಕ್ ಗುಂಪುಗಳಿಗೆ ಹಾಗೂ ಪ್ರಶ್ನೋತ್ತರ ತಾಣಗಳಿಗೆ ಸ್ಥಳಾಂತರಗೊಂಡಿವೆ. ಸ್ಥಳ ಬದಲಾದರೂ ಮೇಲಿನ ತತ್ವ ಬದಲಾಗಿಲ್ಲ.

ಏನನ್ನು ಬರೆಯಬೇಕು?

ತಮ್ಮ ಕಸುಬಿನಲ್ಲಿ ನಿತ್ಯ ಕಾಣುವ ಸಂಗತಿಗಳನ್ನೇ ಬರೆಯಬೇಕು. ಉದ್ಯಮಿಗೆ ಸಾಮಾನ್ಯವೆನಿಸುವ ವಿಷಯ ಗ್ರಾಹಕರಿಗೆ ಹೊಸದಾಗಿರುತ್ತದೆ. ಜಿಲ್ಲೆಯ ಕೆಲವು ಸರಕುಗಳ ಉದಾಹರಣೆಗಳಿಂದ ಇದನ್ನು ವಿವರಿಸಬಹುದು.

ಅಕ್ಕಿ: ಅನ್ನ ಮುದ್ದೆಯಾಗುತ್ತದೆ ಎಂಬುದು ಅಡುಗೆಯ ಬರಹಗಳ ಕೆಳಗೆ ಕಾಣಬಹುದಾದ ದೂರು. ಹೊಸ ಅಕ್ಕಿ ಕಡಿಮೆ ನೀರು ಬೇಡುತ್ತದೆ ಮತ್ತು ಬೇಗ ಮೆತ್ತಗಾಗುತ್ತದೆ. ದಾಸ್ತಾನಿನಲ್ಲಿ ಹಳೆಯದಾದ ಅಕ್ಕಿ ಹೆಚ್ಚು ನೀರು ಹೀರಿ ಉದುರುದುರಾಗಿ ಬೇಯುತ್ತದೆ. ಕುಚ್ಚಲಕ್ಕಿಗೆ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಗಿರಣಿಗೆ ಹಾಕಲಾಗುತ್ತದೆ. ಹಸಿ ಅಕ್ಕಿಗೆ ಈ ಸಂಸ್ಕಾರವಿಲ್ಲ. ಇಷ್ಟನ್ನು ಸರಳವಾಗಿ ತಿಳಿಸಿದ ಗಿರಣಿಯ ಹೆಸರನ್ನು ಓದುಗರು ಮರೆಯುವುದು ಕಷ್ಟ.

ಕಿನ್ನಾಳದ ಗೊಂಬೆ: ಹಗುರವಾದ ಮರವನ್ನು ಬಳಸುವುದು, ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುವುದು, ‘ಕಿಟ್ಟ’ ಎಂಬ ಲೇಪವನ್ನು ಸಿದ್ಧಪಡಿಸುವುದು ಚಿತ್ರಗಾರ ಕುಟುಂಬಗಳಿಗೆ ದಿನನಿತ್ಯದ ಕೆಲಸ. ಗೃಹಾಲಂಕಾರದ ಬಗ್ಗೆ ಬರೆಯುವವರಿಗೆ ಇದು ಅಮೂಲ್ಯ ಮಾಹಿತಿ. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಯಿತು. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚ್ಯಂಕದ ನೋಂದಾಯಿತ ಹಕ್ಕುದಾರರು ಮತ್ತು ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಅಂಥ ಆಟಿಕೆಗಳಿಗೂ 2020ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ವಿನಾಯಿತಿ ನೀಡಲಾಯಿತು. ‘ಗುರುತಿಲ್ಲದ ಗೊಂಬೆಯನ್ನು ಅಂಗಡಿಯಲ್ಲಿ ಇರಿಸಬಹುದೇ’ ಎಂದು ಶಂಕಿಸುವ ಮಳಿಗೆದಾರರಿಗೆ ಈ ಒಂದು ಉತ್ತರದಿಂದ ಧೈರ್ಯ ಬರುತ್ತದೆ.

ಇಳಕಲ್ ಸೀರೆ: ಕೈಮಗ್ಗದ ಸೀರೆಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ನೇಕಾರರಿಗಿಂತ ಚೆನ್ನಾಗಿ ಉತ್ತರಿಸಬಲ್ಲವರಿಲ್ಲ. ಒಡಲು ಮತ್ತು ಸೆರಗು ಸೇರುವೆಡೆಯ ಕೊಂಡಿಯನ್ನೂ, ಸೆರಗಿನ ತೋಪು ತೆನೆಯನ್ನೂ ತೋರಿಸಿ ವಿವರಿಸಬಹುದು.

ಕೂದಲು: ‘ರೆಮಿ’ ಕೂದಲಿಗೆ ಬೆಲೆ ಏಕೆ ಹೆಚ್ಚು ಎಂದು ಹೊಸ ಖರೀದಿದಾರರು ಕೇಳುತ್ತಾರೆ. ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಬರುವಂತೆ ಜೋಡಿಸಿದ ಕೂದಲು ಸಿಕ್ಕಾಗುವುದಿಲ್ಲ. ಬಾಚಣಿಗೆಯಿಂದ ಸಂಗ್ರಹಿಸಿದ ಕೂದಲಿನಲ್ಲಿ ಈ ಕ್ರಮವಿರುವುದಿಲ್ಲ. ಭಾಗ್ಯನಗರದ ಸಣ್ಣ ಘಟಕವೂ ಇದನ್ನು ಅಧಿಕಾರವಾಣಿಯಿಂದ ಹೇಳಬಲ್ಲದು.

ಕಡಲೆ: ಯಲಬುರ್ಗಾದಲ್ಲಿ ಹೊಸದಾಗಿ ಬೇಳೆ ಗಿರಣಿ ತೆರೆದವರು ಕಡಲೆ ಹಿಟ್ಟಿನ ಕಲಬೆರಕೆಯನ್ನು ಕುರಿತ ಬರಹಕ್ಕೆ ಪ್ರತಿಕ್ರಿಯಿಸಬಹುದು. ಕಾಳನ್ನು ಹಸನು ಮಾಡುವುದರಿಂದ ಹಿಟ್ಟಾಗುವವರೆಗಿನ ಹಂತಗಳನ್ನು ಕಣ್ಣಾರೆ ಕಂಡವರ ಮಾತಿಗೆ ಅಡುಗೆಮನೆಯ ಊಹೆಗಳಿಗಿಂತ ಹೆಚ್ಚಿನ ಮನ್ನಣೆ ಇರುತ್ತದೆ.

ಹೇಗೆ ಬರೆಯಬೇಕು?

‘ಉತ್ತಮ ಮಾಹಿತಿ. ಶ್ರೇಷ್ಠ ಗುಣಮಟ್ಟದ ಅಕ್ಕಿಗಾಗಿ ನಮ್ಮನ್ನು ಸಂಪರ್ಕಿಸಿ’ ಎಂಬ ಪ್ರತಿಕ್ರಿಯೆಯನ್ನು ಬರಹಗಾರರು ಅಳಿಸಿಹಾಕುತ್ತಾರೆ. ಅದು ಬೇರೆಯವರ ಮನೆಯ ಗೋಡೆಗೆ ಕೇಳದೆ ಭಿತ್ತಿಪತ್ರ ಅಂಟಿಸಿದಂತೆ. ಅದರ ಬದಲು ಹೀಗೆ ಬರೆಯಬಹುದು: ‘ತಾವು ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎಂದಿದ್ದೀರಿ. ಸುಗ್ಗಿ ಮುಗಿದೊಡನೆ ಪೇಟೆಗೆ ಬರುವ ಹೊಸ ಅಕ್ಕಿಗೆ ಇಷ್ಟು ನೀರು ಹೆಚ್ಚಾಗಬಹುದು. ಸ್ವಲ್ಪ ಕಡಿಮೆ ನೀರಿನಿಂದ ಆರಂಭಿಸಿ ನೋಡುವುದು ಒಳ್ಳೆಯದು. ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವುದರಿಂದ ಈ ವ್ಯತ್ಯಾಸವನ್ನು ಪ್ರತಿವರ್ಷ ಕಾಣುತ್ತೇವೆ.’ ಇಲ್ಲಿ ಕೊಂಡಿಯೇ ಇಲ್ಲ. ಆದರೂ ಬರೆದವರು ಯಾರು, ಎಲ್ಲಿಯವರು, ಏನು ಮಾಡುತ್ತಾರೆ ಎಂಬುದು ತಿಳಿಯುತ್ತದೆ. ಆಸಕ್ತಿಯುಳ್ಳವರು ಹೆಸರನ್ನು ಒತ್ತಿ ಉದ್ದಿಮೆಯ ಪುಟಕ್ಕೆ ಬರುತ್ತಾರೆ.

ಬರೆಯುವಾಗ ಈ ಕೆಳಗಿನ ಅಂಶಗಳನ್ನು ಗಮನದಲ್ಲಿರಿಸುವುದು ಒಳಿತು.

1. ಬರಹವನ್ನು ಪೂರ್ತಿ ಓದಿದ ನಂತರವೇ ಪ್ರತಿಕ್ರಿಯಿಸಬೇಕು. ಇತರರು ಈಗಾಗಲೇ ಹೇಳಿದ್ದನ್ನು ಮತ್ತೆ ಹೇಳಬಾರದು.

2. ಸ್ವಂತ ಹೆಸರು ಹಾಗೂ ಊರಿನ ಹೆಸರನ್ನು ಬಳಸಬೇಕು. ‘ಅಗ್ಗದ ಅಕ್ಕಿ’ ಎಂಬುದನ್ನೇ ತಮ್ಮ ಹೆಸರಿನ ಜಾಗದಲ್ಲಿ ಬರೆಯುವುದು ಗೌರವ ತರುವುದಿಲ್ಲ.

3. ತಾವು ಆ ಸರಕಿನ ತಯಾರಕರು ಅಥವಾ ವ್ಯಾಪಾರಿಗಳು ಎಂಬುದನ್ನು ಮುಚ್ಚಿಡಬಾರದು.

4. ವಿವರವಾದ ಉತ್ತರಕ್ಕೆ ಅಗತ್ಯವಿದ್ದರೆ ಮಾತ್ರ ಕೊಂಡಿ ನೀಡಬೇಕು. ಆ ಕೊಂಡಿ ಮುಖಪುಟಕ್ಕಲ್ಲ, ಉತ್ತರವಿರುವ ಪುಟಕ್ಕೇ ಇರಬೇಕು.

5. ಕನ್ನಡದ ಬರಹಕ್ಕೆ ಕನ್ನಡದಲ್ಲಿಯೇ ಉತ್ತರಿಸಬೇಕು. ಜಿಲ್ಲೆಯ ಸರಕುಗಳ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆದವರ ಮಾತು ಬೇಗ ಕಣ್ಣಿಗೆ ಬೀಳುತ್ತದೆ.

6. ಪ್ರತಿಸ್ಪರ್ಧಿಗಳನ್ನು ಹಳಿಯಬಾರದು. ಟೀಕೆ ಬಂದರೆ ಶಾಂತವಾಗಿ ಒಮ್ಮೆ ಉತ್ತರಿಸಿ ಸುಮ್ಮನಾಗುವುದು ಲೇಸು. ಅಂತರಜಾಲದಲ್ಲಿ ಆಡಿದ ಮಾತು ವರ್ಷಗಟ್ಟಲೆ ಉಳಿಯುತ್ತದೆ.

ಮಾಡಲೇಬಾರದ ಕೆಲಸ

ಗ್ರಾಹಕರ ವೇಷದಲ್ಲಿ ತಮ್ಮ ಸರಕನ್ನು ತಾವೇ ಹೊಗಳುವುದು ಕೆಲವರಿಗೆ ಜಾಣತನವೆನಿಸುತ್ತದೆ. ಇದು ಅನೈತಿಕವಷ್ಟೇ ಅಲ್ಲ, ಅಪಾಯಕಾರಿಯೂ ಹೌದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದಾರಿತಪ್ಪಿಸುವ ಜಾಹೀರಾತು ಹಾಗೂ ಅನುಚಿತ ವ್ಯಾಪಾರ ಪದ್ಧತಿಗಳ ವಿರುದ್ಧ ಕ್ರಮಕ್ಕೆ ಅವಕಾಶ ಕಲ್ಪಿಸಿದೆ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಅಂತರಜಾಲದ ಗ್ರಾಹಕ ವಿಮರ್ಶೆಗಳಿಗಾಗಿ ಐ.ಎಸ್. 19000:2022 ಎಂಬ ಮಾನಕವನ್ನು ಹೊರತಂದಿತು. ಅದು ಸ್ವಯಂಪ್ರೇರಿತ ಪಾಲನೆಯ ಮಾನಕವಾಗಿ ಬಂದರೂ ಸುಳ್ಳು ವಿಮರ್ಶೆಗಳನ್ನು ತಡೆಯುವುದೇ ಅದರ ಉದ್ದೇಶ. ಕಾನೂನಿನ ಮಾತು ಹಾಗಿರಲಿ, ಚಿಕ್ಕ ಪೇಟೆಯಲ್ಲಿ ಇಂಥ ವೇಷ ಬಹಳ ದಿನ ಉಳಿಯುವುದಿಲ್ಲ. ಬಯಲಾದ ದಿನ ಉದ್ದಿಮೆಯ ಹೆಸರಷ್ಟೇ ಅಲ್ಲ, ಊರಿನ ಸರಕಿನ ಹೆಸರೂ ಕೆಡುತ್ತದೆ.

ಮೊದಲು ತಮ್ಮ ಅಂಗಡಿ ಸಜ್ಜಾಗಿರಲಿ

ಪ್ರತಿಕ್ರಿಯೆ ಓದಿ ಬಂದವರಿಗೆ ತೋರಿಸಲು ತಮ್ಮ ಪುಟದಲ್ಲಿ ಏನಾದರೂ ಇರಬೇಕು. ಪುಟದಲ್ಲಿ ಉದ್ದಿಮೆಯ ಪೂರ್ಣ ವಿಳಾಸ, ನಡೆಯುತ್ತಿರುವ ದೂರವಾಣಿ ಸಂಖ್ಯೆ, ಸರಕಿನ ನಿಜವಾದ ಛಾಯಾಚಿತ್ರ, ಕನಿಷ್ಠ ಎಷ್ಟು ಪ್ರಮಾಣದಲ್ಲಿ ಕಳುಹಿಸಲಾಗುತ್ತದೆ ಎಂಬ ವಿವರ ಹಾಗೂ ಜಿ.ಎಸ್.ಟಿ. ನೋಂದಣಿಯ ಸಂಖ್ಯೆ ಇದ್ದರೆ ದೂರದ ಖರೀದಿದಾರರಿಗೆ ವಿಶ್ವಾಸ ಮೂಡುತ್ತದೆ. ಸ್ವಂತ ಜಾಲತಾಣವಿಲ್ಲದವರು ಗೂಗಲ್ ನಕ್ಷೆಯಲ್ಲಿ ಉದ್ದಿಮೆಯ ವಿವರವನ್ನು ಉಚಿತವಾಗಿ ಸೇರಿಸುವುದರಿಂದ ಆರಂಭಿಸಬಹುದು. ಗ್ರಾಹಕರು ಮತ್ತೆ ಮತ್ತೆ ಕೇಳುವ ಹತ್ತು ಪ್ರಶ್ನೆಗಳಿಗೆ ಉತ್ತರ ಬರೆದು ಪ್ರಕಟಿಸಿದರೆ, ಇತರ ಬರಹಗಾರರಿಗೆ ಕೊಂಡಿ ನೀಡಲು ಯೋಗ್ಯವಾದ ಪುಟವೊಂದು ಸಿದ್ಧವಾದಂತೆಯೇ.

ಲೆಕ್ಕ ಇಡುವ ಬಗೆ

ಖರ್ಚಿಲ್ಲದ ಕೆಲಸಕ್ಕೂ ಲೆಕ್ಕ ಬೇಕು, ಏಕೆಂದರೆ ಅದರಲ್ಲಿ ಸಮಯ ವ್ಯಯವಾಗುತ್ತದೆ. ವಾರಕ್ಕೆ ಎರಡು ಗಂಟೆಗಳನ್ನು ಇದಕ್ಕಾಗಿ ಮೀಸಲಿಟ್ಟು, ತಮ್ಮ ಸರಕಿಗೆ ಸಂಬಂಧಿಸಿದ ಎಂಟು ಹತ್ತು ತಾಣಗಳನ್ನು ಗುರುತಿಸಿಕೊಂಡು, ವಾರದಲ್ಲಿ ಎರಡು ಮೂರು ಒಳ್ಳೆಯ ಪ್ರತಿಕ್ರಿಯೆಗಳನ್ನಷ್ಟೇ ಬರೆಯುವುದು ಸಾಕು. ಹೊಸದಾಗಿ ಕರೆ ಮಾಡಿದ ಪ್ರತಿಯೊಬ್ಬರನ್ನೂ ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು?’ ಎಂದು ಕೇಳಿ ವಹಿಯಲ್ಲಿ ಬರೆದಿಡಬೇಕು. ಆರು ತಿಂಗಳ ನಂತರ ಆ ವಹಿಯನ್ನು ತಿರುವಿದರೆ ಯಾವ ತಾಣದಲ್ಲಿ ಶ್ರಮ ಫಲಿಸಿದೆ, ಎಲ್ಲಿ ವ್ಯರ್ಥವಾಗಿದೆ ಎಂಬುದು ತಿಳಿಯುತ್ತದೆ. ಕೊಂಡಿಗಳ ಸಂಖ್ಯೆಗಿಂತ ಕರೆಗಳ ಸಂಖ್ಯೆಯೇ ಇಲ್ಲಿ ನಂಬತಕ್ಕ ಅಳತೆಗೋಲು.

ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ 2021ರಲ್ಲಿ ಆಟಿಕೆ ಉದ್ಯಮ ಸಮುಚ್ಚಯಕ್ಕೆ ಶಂಕುಸ್ಥಾಪನೆ ನೆರವೇರಿತು. ಇಂಥ ಬೃಹತ್ ಉದ್ಯಮಗಳಿಗೆ ಪ್ರಚಾರಕ್ಕೆಂದು ಪ್ರತ್ಯೇಕ ಹಣವೂ ಸಿಬ್ಬಂದಿಯೂ ಇರುವುದುಂಟು. ಸಣ್ಣ ಉದ್ಯಮಿಯ ಬಳಿ ಅವಿಲ್ಲ. ಆದರೆ ಕಸುಬಿನ ಅನುಭವ ಅವರ ಬಳಿಯೂ ಇದೆ, ಮತ್ತು ಅದನ್ನು ಹಂಚಿಕೊಳ್ಳಲು ಬಂಡವಾಳ ಬೇಕಿಲ್ಲ. ಪೇಟೆಯಲ್ಲಿ ತೂಕ ಸರಿಯಿಟ್ಟು, ಕೇಳಿದವರಿಗೆ ತಿಳಿದದ್ದನ್ನು ಹೇಳಿ ಹೆಸರು ಗಳಿಸಿದ ಹಿರಿಯರ ಮಾರ್ಗವೇ ಅಂತರಜಾಲದಲ್ಲಿಯೂ ನಡೆಯುತ್ತದೆ. ಹೊಸ ಉದ್ದಿಮೆದಾರರು ಕೊಂಡಿಗಳನ್ನು ಕೊಳ್ಳಲು ಇಟ್ಟ ಹಣವನ್ನು ಸರಕಿನ ಗುಣಮಟ್ಟಕ್ಕೆ ವಿನಿಯೋಗಿಸಿ, ವಾರದ ಎರಡು ಗಂಟೆಗಳನ್ನು ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸಲು ಮೀಸಲಿಡುವುದು ಶ್ರೇಯಸ್ಕರ.